ಕೂಸಿನ ಸೊಟ್ಟಪಾದ: ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಹುಟ್ಟುವಾಗಲೇ ಒಳಕ್ಕೆ ತಿರುಚಿಕೊಂಡಿರುವ ಪಾದಕ್ಕೆ ಡಾಕ್ಟರು ಚೀಟಿಯಲ್ಲಿ ಕ್ಲಬ್‌ಫುಟ್ ಎಂದು ಬರೆಯುತ್ತಾರೆ. ಅದರ ಬಗ್ಗೆ ಬಾಣಂತಿಯರು, ಅಜ್ಜಿಯರು, ಆಶಾ ಕಾರ್ಯಕರ್ತೆಯರು ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳುವ ಮಾತಿನಲ್ಲೇ ಬಿಟ್ಟಿದ್ದೇವೆ. ಚಿಕಿತ್ಸೆ ಎಂದರೆ ವಾರವಾರ ಬದಲಿಸುವ ಪ್ಲಾಸ್ಟರ್, ಆಮೇಲೆ ನಾಲ್ಕೈದು ವರ್ಷ ಬ್ರೇಸ್ ಎಂಬ ಸರಳಿನ ಬೂಟು. ಹೆಚ್ಚು ಜಾಗ ಕೊಟ್ಟಿರುವುದು ಪಾದದ ಲಕ್ಷಣಗಳಿಗೆ. ಡಾಕ್ಟರು ಪಾದ ನೋಡುವುದು ವಾರಕ್ಕೋ ತಿಂಗಳಿಗೋ ಹತ್ತು ನಿಮಿಷ. ಉಳಿದಂತೆ ನಾಲ್ಕೈದು ವರ್ಷ ಅದನ್ನು ದಿನಾ ನೋಡುವವರು ಮನೆಯವರು.

ಕೂಸಿನ ಪಾದ ಒಳಗ ತಿರುಗ್ಯಾದ. ಸೊಟ್ಟಪಾದನೇ ಅಂತ ಹ್ಯಾಂಗ ತಿಳೀಬೇಕು?

ಕಣ್ಣಿನಿಂದಲ್ಲ, ಕೈಯಿಂದ. ಕೂಸು ಹಾಲು ಕುಡಿದು ಸುಮ್ಮನಿರುವಾಗ ಪಾದವನ್ನು ಮೆಲ್ಲಗೆ ಹೊರಗೆ ತಿರುಗಿಸಿ, ಮೇಲಕ್ಕೆ ಎತ್ತಿ. ಆಗಷ್ಟೇ ಹುಟ್ಟಿದ ಕೂಸಿನ ಸಾಮಾನ್ಯ ಪಾದ ಬಹಳ ಮೆತ್ತಗೆ ಬಾಗುತ್ತದೆ. ಪಾದದ ಮೇಲ್ಭಾಗ ಕಾಲಿನ ಮುಂಭಾಗಕ್ಕೆ ಹೆಚ್ಚುಕಡಿಮೆ ತಾಗುವಷ್ಟು ಬರುತ್ತದೆ. ಹೊಟ್ಟೆಯೊಳಗೆ ಮಡಚಿಕೊಂಡು ಮಲಗಿದ್ದರಿಂದ ಮಾತ್ರ ಒಳಕ್ಕೆ ತಿರುಗಿದ ಪಾದವೂ ಹೀಗೆ ಸಲೀಸಾಗಿ ನೇರವಾಗುತ್ತದೆ. ಅದು ನಿಜವಾದ ಸೊಟ್ಟಪಾದವಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುವುದೇ ಹೆಚ್ಚು. ನಿಜವಾದ ಸೊಟ್ಟಪಾದ ಅರ್ಧ ದಾರಿಗೆ ಬಂದು ನಿಲ್ಲುತ್ತದೆ, ಕೈ ಬಿಟ್ಟ ತಕ್ಷಣ ಮತ್ತೆ ಒಳಗೆ ಹೋಗುತ್ತದೆ. ಗಟ್ಟಿಯಾಗಿ ತಳ್ಳಿ ನೋಡಬೇಡಿ, ನಿಲ್ಲುತ್ತದೋ ಇಲ್ಲವೋ ಗೊತ್ತಾದರೆ ಸಾಕು.

ಇನ್ನೆರಡು ಪಾದಗಳನ್ನು ಜನ ಇದರೊಂದಿಗೆ ಕಲಸಿಬಿಡುತ್ತಾರೆ. ಒಂದರಲ್ಲಿ ಪಾದದ ಮುಂದಿನ ಅರ್ಧ ಮಾತ್ರ ಒಳಕ್ಕೆ ಬಾಗಿರುತ್ತದೆ. ಹಿಮ್ಮಡಿ ಸರಿಯಾದ ಜಾಗದಲ್ಲಿದ್ದು ಪಾದ ಮೇಲಕ್ಕೂ ಬರುತ್ತದೆ. ಇನ್ನೊಂದು ಸೊಟ್ಟಪಾದಕ್ಕೆ ಪೂರ್ತಿ ಉಲ್ಟಾ: ಪಾದ ಮೇಲಕ್ಕೆ ಮಡಚಿ ಕಾಲಿಗೆ ಅಂಟಿಕೊಂಡಂತಿರುತ್ತದೆ. ಎರಡೂ ಬೇರೆ, ಚಿಕಿತ್ಸೆಯೂ ಬೇರೆ. ಹೆಸರು ಹೇಳುವುದು ಡಾಕ್ಟರ ಕೆಲಸ, ಆದರೆ ಹಿಮ್ಮಡಿ ಎಲ್ಲಿದೆ ಎಂದು ನೀವು ನೋಡಿಕೊಂಡು ಹೋದರೆ ಅರ್ಧ ಉತ್ತರ ಕೈಯಲ್ಲಿರುತ್ತದೆ.

ಡಾಕ್ಟರು 'ನಾಲ್ಕು ಸೊಟ್ಟ ಅವ' ಅಂದ್ರು. ಕಾಣೋದು ಒಂದೇ ಸೊಟ್ಟ ಅಲ್ಲೇನ್ರಿ?

ಒಂದೇ ತಿರುಚು ಎಂದು ಕಾಣುವುದರೊಳಗೆ ನಾಲ್ಕು ಸೇರಿಕೊಂಡಿವೆ. ಅವುಗಳನ್ನು ಬಿಡಿಸಿ ನೋಡುವುದು ಮುಖ್ಯ, ಏಕೆಂದರೆ ನಾಲ್ಕನ್ನೂ ಒಂದೇ ಸಲಕ್ಕೆ ಸರಿಮಾಡಲು ಆಗುವುದಿಲ್ಲ. ಅದಕ್ಕೊಂದು ಕ್ರಮವಿದೆ, ಕ್ರಮ ತಪ್ಪಿದರೆ ಪಾದ ಕೆಡುತ್ತದೆ.

ಮೊದಲನೆಯದು ಅಂಗಾಲಿನ ಕಮಾನು. ಹೆಬ್ಬೆರಳಿನ ಬುಡದ ಉದ್ದ ಎಲುಬು ಉಳಿದವುಗಳಿಗಿಂತ ಕೆಳಕ್ಕೆ ಕುಸಿದಿರುತ್ತದೆ, ಹಾಗಾಗಿ ಅಂಗಾಲು ನಡುವೆ ಮಡಚಿದಂತೆ ಎದ್ದು, ಒಳಬದಿಯಲ್ಲಿ ಅಡ್ಡಗೆರೆ ಬೀಳುತ್ತದೆ. ಡಾಕ್ಟರು ಇದನ್ನು ಕೇವಸ್ ಎನ್ನುತ್ತಾರೆ.

ಎರಡನೆಯದು ಮುಂಪಾದ ಒಳಕ್ಕೆ ಹೊರಳಿರುವುದು, ಅಡಕ್ಟಸ್. ಪಾದವನ್ನು ಅಂಗಾಲಿನ ಕಡೆಯಿಂದ ನೋಡಿದರೆ ಕಿರುಬೆರಳಿನ ಕಡೆಯ ಅಂಚು ನೇರವಾಗಿರದೆ ಗೋಡಂಬಿಯ ಬೆನ್ನಿನಂತೆ ಬಾಗಿರುತ್ತದೆ.

ಮೂರನೆಯದು ಹಿಮ್ಮಡಿಯೇ ಒಳಕ್ಕೆ ವಾಲಿರುವುದು, ವೇರಸ್. ಕೂಸನ್ನು ಬೋರಲು ಮಲಗಿಸಿ ಹಿಂದಿನಿಂದ ನೋಡಿದರೆ ಸರಿಯಾದ ಹಿಮ್ಮಡಿ ಕಾಲಿನ ನೇರಕ್ಕೆ ಕೆಳಗಿರುತ್ತದೆ; ಸೊಟ್ಟಪಾದದ ಹಿಮ್ಮಡಿ ಇನ್ನೊಂದು ಕಾಲಿನ ಕಡೆಗೆ ಮುಖ ಮಾಡಿರುತ್ತದೆ.

ನಾಲ್ಕನೆಯದು ಈಕ್ವಿನಸ್. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡು ಬೆರಳುಗಳು ನೆಲ ನೋಡುತ್ತವೆ. ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ದಪ್ಪ ಹುರಿ, ಅಕಿಲಿಸ್ ಸ್ನಾಯುರಜ್ಜು, ಗಿಡ್ಡವಾಗಿ ಬಿಗಿದಿರುವುದೇ ಇದಕ್ಕೆ ಮುಖ್ಯ ಕಾರಣ. ಹಿಮ್ಮಡಿಯ ಮೇಲೆ, ಕಾಲಿನ ಹಿಂಭಾಗದಲ್ಲಿ, ದಾರ ಕಟ್ಟಿದಂಥ ಆಳದ ಗೆರೆ ಕಾಣುತ್ತದೆ. ನಾಲ್ಕರಲ್ಲಿ ಕೊನೆಗೆ ಸರಿಯಾಗುವುದೂ ಇದೇ, ಮರುಕಳಿಸುವಾಗ ಮೊದಲು ಬರುವುದೂ ಹೆಚ್ಚಾಗಿ ಇದೇ.

ಒಳಗ ಎಲುಬು ಮುರದದೇನು?

ಇಲ್ಲ. ಗಿಣ್ಣಿನ ಕೆಳಗೆ ಟೇಲಸ್ ಎಂಬ ಎಲುಬಿದೆ. ಅದರ ಮುಂದಿರುವ ನ್ಯಾವಿಕ್ಯುಲರ್ ಒಳಬದಿಗೆ ಜಾರಿರುತ್ತದೆ, ಕೆಳಗಿರುವ ಹಿಮ್ಮಡಿ ಎಲುಬು ಅದರಡಿಯಲ್ಲಿ ಒಳಕ್ಕೆ ಸುತ್ತಿಕೊಂಡಿರುತ್ತದೆ. ಟೇಲಸ್ ಮಾತ್ರ ಹೊರಗೆ ಒಂಟಿಯಾಗಿ ಉಳಿದು, ಪಾದದ ಮೇಲ್ಭಾಗದ ಹೊರಬದಿಯಲ್ಲಿ ಸಣ್ಣ ಗುಬುಟಿನಂತೆ ಕೈಗೆ ಸಿಗುತ್ತದೆ. ಅದನ್ನು ಗಂಟು ಎಂದು ತಿಳಿದು ತಿಕ್ಕುವವರಿದ್ದಾರೆ. ಅದು ಗಂಟಲ್ಲ.

ಹುಟ್ಟಿದ ಕೂಸಿನ ಈ ಎಲುಬುಗಳು ಬಹುಪಾಲು ಇನ್ನೂ ಮೃದು ಎಲುಬಿನ ಸ್ಥಿತಿಯಲ್ಲಿರುತ್ತವೆ. ಎಕ್ಸ್‌ರೇಯಲ್ಲಿ ಅವು ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಡಾಕ್ಟರು ಎಕ್ಸ್‌ರೇ ಬರೆಯದಿದ್ದರೆ ಅದು ಉದಾಸೀನವಲ್ಲ. ಬೇಗ ಶುರುಮಾಡಿದರೆ ಪ್ಲಾಸ್ಟರ್‌ಗೆ ಪಾದ ಬಗ್ಗುವುದೂ ಇದೇ ಮೆದುತನದಿಂದ.

ಕಾರ್ಡಿನ್ಯಾಗ 'ಪಿರಾನಿ 5.5' ಅಂತ ಬರದಾರ. ಇದು ಒಳ್ಳೇದೋ ಕೆಟ್ಟದ್ದೋ?

ಪಿರಾನಿ ಎಂದರೆ ಸೊಟ್ಟಪಾದ ಎಷ್ಟು ಬಿಗಿ ಎಂದು ಅಳೆಯುವ ಅಂಕ. ಸಂಖ್ಯೆ ದೊಡ್ಡದಾದಷ್ಟು ಪಾದ ಬಿಗಿ. ಸೊನ್ನೆ ಎಂದರೆ ಸಾಮಾನ್ಯ ಪಾದ, 6 ಎಂದರೆ ಅತಿ ಬಿಗಿ. ಆರು ಲಕ್ಷಣ ನೋಡಿ ಒಂದೊಂದಕ್ಕೆ 0, 0.5 ಅಥವಾ 1 ಕೊಡುತ್ತಾರೆ. ಮೂರು ನಡುಪಾದದವು, ಮೂರು ಹಿಂಪಾದದವು.

ನಡುಪಾದದಲ್ಲಿ ಮೊದಲು ಹೊರಅಂಚಿನ ಬಾಗು. ಅಂಚಿಗೆ ಪೆನ್ಸಿಲ್ ಇಟ್ಟು ನೋಡಿದರೆ ಸಾಕು. ಎರಡನೆಯದು ಒಳಬದಿಯ ಗೆರೆ: ತೆಳುವಾದ ಹಲವು ಗೆರೆಗಳಿದ್ದರೆ 0, ಎರಡು ಮೂರು ಕೊಂಚ ಆಳದವಾದರೆ 0.5, ಒಂದೇ ಆಳದ ಗೆರೆಯಾದರೆ 1. ಮೂರನೆಯದು ಮೇಲೆ ಹೇಳಿದ ಟೇಲಸ್ ಗುಬುಟು: ಪಾದ ಹೊರಕ್ಕೆ ತಿರುಗಿಸಿದಾಗ ಅದು ಪೂರ್ತಿ ಮುಚ್ಚಿಕೊಂಡರೆ 0, ಅರ್ಧ ಮುಚ್ಚಿದರೆ 0.5, ಹಾಗೇ ಎದ್ದು ನಿಂತರೆ 1.

ಹಿಂಪಾದದಲ್ಲಿ ಹಿಂಭಾಗದ ಗೆರೆಗೂ ಅದೇ ಲೆಕ್ಕ. ಆಮೇಲೆ ಮೊಣಕಾಲು ನೇರವಾಗಿಟ್ಟು ಪಾದ ಎಷ್ಟು ಮೇಲಕ್ಕೆ ಬರುತ್ತದೆ ಎಂದು ನೋಡುತ್ತಾರೆ. 90 ಡಿಗ್ರಿಗೂ ಬಾರದಿದ್ದರೆ 1. ಕೊನೆಯದು ಖಾಲಿ ಹಿಮ್ಮಡಿ. ಇದನ್ನು ತಾಯಂದಿರೂ ಕಲಿಯಬಹುದು. ಹಿಮ್ಮಡಿಯ ತುದಿಯನ್ನು ಬೆರಳಿಂದ ಮೆಲ್ಲಗೆ ಒತ್ತಿ. ನಿಮ್ಮ ಗದ್ದ ಮುಟ್ಟಿದಂತೆ ಎಲುಬು ತಕ್ಷಣ ಸಿಕ್ಕರೆ 0. ಮೂಗಿನ ತುದಿಯಂತೆ ಮೆತ್ತಗಿದ್ದು ಒಳಗೆ ಗಟ್ಟಿ ಸಿಕ್ಕರೆ 0.5. ಗಲ್ಲದಂತೆ, ಅಂದರೆ ಕೆನ್ನೆಯಂತೆ, ಬರೀ ಮಾಂಸವೇ ಸಿಕ್ಕರೆ 1, ಅಂದರೆ ಎಲುಬು ಇನ್ನೂ ಮೇಲೇ ಇದೆ.

5.5 ಎಂದು ಕೇಳಿ ಎದೆ ಒಡೆದುಕೊಳ್ಳಬೇಕಾಗಿಲ್ಲ. ಶುರುವಿನ ಸಂಖ್ಯೆ ಹೇಳುವುದು ಹೆಚ್ಚುಕಡಿಮೆ ಎಷ್ಟು ಪ್ಲಾಸ್ಟರ್ ಬೇಕಾಗಬಹುದು ಎಂದಷ್ಟೇ. ಅದಕ್ಕಿಂತ ಮುಖ್ಯವಾದದ್ದು ಅದು ವಾರದಿಂದ ವಾರಕ್ಕೆ ಇಳಿಯುತ್ತಿದೆಯೇ ಎಂಬುದು. ಮೂರು ಸಲ ಪ್ಲಾಸ್ಟರ್ ಹಾಕಿಯೂ ಒಂದು ಅರ್ಧ ಅಂಕವೂ ಇಳಿದಿಲ್ಲವೆಂದರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ. ಪ್ರತಿ ಸಲವೂ ಅಂಕ ಬರೆಸಿಕೊಳ್ಳಿ.

ಒಂದೇ ಕಾಲಿಗೆ ಅದ. ಎರಡಕ್ಕೂ ಬರ್ತದೇನು? ಎಷ್ಟು ಮಕ್ಕಳಿಗೆ ಹಿಂಗಾಗ್ತದ?

ಹುಟ್ಟಿದಾಗ ಒಂದರಲ್ಲಿ ಇದ್ದರೆ ಅದು ಆಮೇಲೆ ಇನ್ನೊಂದಕ್ಕೆ ಹಬ್ಬುವುದಿಲ್ಲ. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಹುಟ್ಟುವಾಗಲೇ ಎರಡೂ ಪಾದಗಳಿಗೆ ಇರುತ್ತದೆ. ಜಗತ್ತಿನಲ್ಲಿ ಹೆಚ್ಚುಕಡಿಮೆ ಸಾವಿರ ಹೆರಿಗೆಗೆ ಒಂದು ಕೂಸು, ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳ ಎರಡರಷ್ಟು.

ಗ್ರಹಣದಾಗ ಬಸುರಿ ಚಾಕು ಹಿಡದಿದ್ದಕ್ಕ ಹಿಂಗಾಯ್ತು ಅಂತಾರ, ಖರೇನಾ?

ಖರೆ ಅಲ್ಲ. ತಾಯಿ ಕೂತದ್ದು, ನಿಂತದ್ದು, ಕಾಯಿಪಲ್ಯ ಹೆಚ್ಚಿದ್ದು ಯಾವುದೂ ಕಾರಣವಲ್ಲ. ಹೆಚ್ಚಿನ ಕೂಸುಗಳಲ್ಲಿ ಒಂದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ; ಹಲವು ಜೀನುಗಳು, ಬಸಿರಿನ ಸಮಯದ ಕೆಲವು ಸಂಗತಿಗಳು ಸೇರಿ ಆಗುವಂಥದ್ದು. ಬಸುರಿ ತಂಬಾಕಿನ ಹೊಗೆ ಸೇದುವುದು ಸಂಭವವನ್ನು ಹೆಚ್ಚಿಸುತ್ತದೆ ಎಂಬುದು ಗೊತ್ತಿರುವ ಸಂಗತಿ. ಮನೆಯಲ್ಲಿ ಒಂದು ಕೂಸಿಗೆ ಇದ್ದರೆ ಮುಂದಿನ ಕೂಸಿಗೂ ಬರುವ ಸಂಭವ ನೂರಕ್ಕೆ ಮೂರು ನಾಲ್ಕರ ಆಸುಪಾಸು. ಎಂದರೆ ನೂರಕ್ಕೆ ತೊಂಬತ್ತಾರರಷ್ಟು ಸಂಭವ ಬರದೇ ಇರುವುದಕ್ಕೇ.

ಸೋದರಮಾವನನ್ನು ಮದುವೆಯಾದದ್ದೇ ಕಾರಣವೇ ಎಂದೂ ಕೇಳುತ್ತಾರೆ. ರಕ್ತಸಂಬಂಧದ ಮದುವೆಯಿಂದ ಕೆಲವು ವಂಶವಾಹಿ ಕಾಯಿಲೆಗಳು ಹೆಚ್ಚುವುದು ನಿಜ. ಆದರೆ ಸೊಟ್ಟಪಾದ ಒಂದೇ ಜೀನಿನಿಂದ ಬರುವ ಕಾಯಿಲೆಯಲ್ಲ, ಸಂಬಂಧವೇ ಇಲ್ಲದ ತಂದೆತಾಯಿಯರ ಕೂಸುಗಳಿಗೂ ಬರುತ್ತದೆ. ಸೊಸೆಯ ಮೇಲೆ ತಪ್ಪು ಹೊರಿಸಲು ಇಲ್ಲಿ ಯಾವ ಆಧಾರವೂ ಇಲ್ಲ.

ಗ್ರಹಣದ ಇನ್ನೊಂದು ಮಾತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜ್‌ಸುಲ್ತಾನ್‌ಪುರದಲ್ಲಿ ಅಂಗವೈಕಲ್ಯ ಹೋಗಲಿ ಎಂದು ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿಟ್ಟದ್ದು ದೇಶವೆಲ್ಲ ಸುದ್ದಿಯಾಯಿತು. ಮಣ್ಣಿಗೆ ಸ್ನಾಯುರಜ್ಜು ಉದ್ದವಾಗುವುದಿಲ್ಲ. ಉಸಿರು ಕಟ್ಟುವ ಅಪಾಯ ಒಂದು ಕಡೆ, ಮುಂದಿನ ಗ್ರಹಣಕ್ಕೆ ಕಾಯುತ್ತ ಎಲುಬು ಬಲಿಯುವ ನಷ್ಟ ಇನ್ನೊಂದು ಕಡೆ.

ಬಸುರಿದ್ದಾಗ ಸ್ಕ್ಯಾನಿಂಗ್‌ನ್ಯಾಗ ಕಂಡಿತ್ತು. ಏನು ಮಾಡಬೇಕಿತ್ತು?

18–20 ವಾರಗಳ ಸ್ಕ್ಯಾನಿಂಗ್‌ನಲ್ಲಿ ಸೊಟ್ಟಪಾದ ಕಾಣಬಹುದು. ಹೊಟ್ಟೆಯೊಳಗೆ ಅದಕ್ಕೆ ಮಾಡುವಂಥದ್ದು ಏನೂ ಇಲ್ಲ. ಎಷ್ಟು ಬಿಗಿ ಎಂಬುದೂ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುವುದಿಲ್ಲ. ಕಂಡದ್ದು ಹುಟ್ಟಿದ ಮೇಲೆ ಸರಿಯಾದ ಪಾದವೇ ಆಗಿರುವುದೂ ಉಂಟು. ಆಗ ಮಾಡಬೇಕಾದದ್ದು ಬೆನ್ನುಹುರಿ ಮತ್ತು ಉಳಿದ ಅಂಗಗಳನ್ನು ಸರಿಯಾಗಿ ನೋಡಿಸುವುದು. ಪಾದ ಒಂದೇ ಸೊಟ್ಟವಾಗಿದ್ದರೆ ಗರ್ಭ ತೆಗೆಸುವ ಮಾತೇ ಬರಬಾರದು.

ಪಾದ ಬಿಟ್ಟು ಕೂಸಿನ್ಯಾಗ ಮತ್ತೇನು ನೋಡಬೇಕು?

ಬೆನ್ನು, ಸೊಂಟದ ಕೀಲು, ಕೈ. ಬೆನ್ನಿನ ಕೆಳಭಾಗದಲ್ಲಿ ಗಡ್ಡೆ, ಆಳದ ಕುಳಿ ಅಥವಾ ಕೂದಲಿನ ಕುಚ್ಚು ಇದ್ದರೆ ಬೆನ್ನುಹುರಿಯ ತೊಂದರೆ ಇರಬಹುದು. ಅಂಥ ಸೊಟ್ಟಪಾದ ಹೆಚ್ಚು ಬಿಗಿ, ಮರುಕಳಿಸುವುದೂ ಹೆಚ್ಚು. ಅಂಥ ಕೂಸಿಗೆ ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆ ಇರಬಹುದು, ಪ್ಲಾಸ್ಟರ್ ಒತ್ತಿ ಗಾಯವಾದರೂ ಅಳುವುದಿಲ್ಲ. ಮೊಣಕೈ, ಮಣಿಕಟ್ಟು, ಮೊಣಕಾಲುಗಳೂ ಸೆಟೆದಿದ್ದರೆ ಅದು ಕೀಲುಗಳ ಬೇರೆಯೇ ತೊಂದರೆ. ಬಟ್ಟೆ ಪೂರ್ತಿ ಬಿಚ್ಚಿ ತೋರಿಸಿ. ಬೇರೇನೂ ಇಲ್ಲದೆ ಪಾದವೊಂದೇ ಸೊಟ್ಟವಾಗಿರುವ ಕೂಸುಗಳೇ ಹೆಚ್ಚು.

ಎರೆಯುವಾಗ ಎಣ್ಣಿ ಹಚ್ಚಿ ತಿಕ್ಕಿದ್ರ ಸರಿ ಆಗ್ತದ ಅಂತಾಳ ಅಜ್ಜಿ.

ಎಣ್ಣೆ ಹಚ್ಚಿ ಎರೆಯುವುದರಿಂದ ಕೂಸಿಗೆ ಕೆಡುಕೇನೂ ಇಲ್ಲ. ಆದರೆ ತಿಕ್ಕಿ ಎಳೆದು ಸೊಟ್ಟಪಾದ ನೇರವಾಗುವುದಿಲ್ಲ. ಅಜ್ಜಿಯ ಮಾತಿಗೆ ಬುಡವಿಲ್ಲದಿಲ್ಲ: ಮೆತ್ತಗೆ ಬಾಗುವ ಪಾದ ತಾನಾಗಿಯೇ ನೇರವಾಗುತ್ತದೆ, ಹೆಸರು ತಿಕ್ಕಿದ ಕೈಗೆ ಬರುತ್ತದೆ. ನಿಜವಾದ ಸೊಟ್ಟಪಾದವನ್ನು ಜೋರಾಗಿ ಮೇಲಕ್ಕೆ ಒತ್ತಿದರೆ ಹಿಮ್ಮಡಿ ಮೇಲೇ ಉಳಿದು ಪಾದದ ನಡುಭಾಗ ಮುರಿದಂತೆ ಬಾಗುತ್ತದೆ. ಆಮೇಲೆ ಅಂಗಾಲು ತೊಟ್ಟಿಲ ತಳದಂತೆ ಉಬ್ಬಿಬಿಡುತ್ತದೆ, ಅದನ್ನು ಸರಿಮಾಡುವುದು ಮೊದಲಿನದಕ್ಕಿಂತ ಕಷ್ಟ.

ಯಾವಾಗ ಶುರು ಮಾಡಬೇಕು, ಎಲ್ಲಿ ತೋರಿಸಬೇಕು?

ಹುಟ್ಟಿದ ಮೊದಲ ಒಂದೆರಡು ವಾರದೊಳಗೆ ಶುರುವಾದರೆ ಒಳ್ಳೆಯದು. ಹೆರಿಗೆಯಾದ ರಾತ್ರಿಯೇ ಓಡಬೇಕಾದ ತುರ್ತು ಇದಲ್ಲ. ಕೂಸಿನ ತೂಕ ಕಡಿಮೆಯಿದ್ದರೆ ಅಥವಾ ಕಾಮಾಲೆಯಿದ್ದರೆ ಅದು ಸುಧಾರಿಸಲಿ. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ: ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಎಲುಬು-ಕೀಲು ವಿಭಾಗದಲ್ಲಿ 'ಪೊನ್ಸೆಟಿ ಪ್ಲಾಸ್ಟರ್ ಯಾವ ವಾರ ಹಾಕುತ್ತೀರಿ' ಎಂದು ಮೊದಲೇ ಕೇಳಿಕೊಳ್ಳಿ. ವಾರವಾರ ಪ್ಲಾಸ್ಟರ್ ಬದಲಿಸುವ ವಿಧಾನದ ಹೆಸರು ಅದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಟ್ಟಪಾದ ಇದೆ. ಆಶಾ ಕಾರ್ಯಕರ್ತೆ ಬರೆದುಕಳಿಸಿದರೆ ಆ ದಾರಿಯಲ್ಲಿ ಚಿಕಿತ್ಸೆ ಉಚಿತ.

ಇಲ್ಲಿ ನಮ್ಮ ಕಡೆ ಎರಡು ತೊಡಕು. ಚೊಚ್ಚಲು ಹೆರಿಗೆ ತವರಿನಲ್ಲಿ. ಪ್ಲಾಸ್ಟರ್ ಬೀದರಿನಲ್ಲಿ ಶುರುವಾಗಿ, ಮೂರು ತಿಂಗಳಿಗೆ ಗಂಡನ ಮನೆ ಯಾದಗಿರಿಗೆ ಹೊರಡುವ ಹೊತ್ತಿಗೆ ಕೂಸು ಬ್ರೇಸ್ ಹಂತದಲ್ಲಿರುತ್ತದೆ, ಕಾರ್ಡು ತವರಿನ ಗೂಡಿನಲ್ಲಿ ಉಳಿಯುತ್ತದೆ. ಇನ್ನೊಂದು ಗುಳೆ. ದುಡಿಯಲು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋಗುವವರು ಪ್ಲಾಸ್ಟರ್‌ನ ಐದಾರು ವಾರ ಮುಗಿಸಿ ಹೋಗಿ. ಆಗದಿದ್ದರೆ ಹೋಗುವ ಊರಿನಲ್ಲಿ ಎಲ್ಲಿ ಹಾಕಿಸಬೇಕು ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಕಾರ್ಡಿನ ಎರಡೂ ಬದಿಯ ಫೋಟೊ ಫೋನಿನಲ್ಲಿರಲಿ. ಪ್ಲಾಸ್ಟರ್ ಹಾಕಿಕೊಂಡೇ ಎರಡು ತಿಂಗಳು ಮಾಯವಾಗುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಕೂಸು ಬೆಳೆಯುತ್ತದೆ, ಪ್ಲಾಸ್ಟರ್ ಬೆಳೆಯುವುದಿಲ್ಲ.

ಮೊದಲನೇ ಪ್ಲಾಸ್ಟರ್ ಬಿಚ್ಚಿದಾಗ ಪಾದ ಇನ್ನೂ ಸೊಟ್ಟ ಕಾಣ್ತಿತ್ತು. ಡಾಕ್ಟರು ತಪ್ಪು ಮಾಡ್ಯಾರೇನು?

ತಪ್ಪಲ್ಲ, ಕ್ರಮವೇ ಹಾಗೆ. ಸ್ಪೇನ್‌ನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಡಾಕ್ಟರ್ ಇಗ್ನೇಸಿಯೊ ಪೊನ್ಸೆಟಿ (1914–2009) ರೂಪಿಸಿದ ವಿಧಾನ ಇದು. ಮೊದಲ ಪ್ಲಾಸ್ಟರ್ ಕಮಾನನ್ನು ಮಾತ್ರ ಸರಿಮಾಡುತ್ತದೆ. ಅದಕ್ಕಾಗಿ ಕುಸಿದ ಹೆಬ್ಬೆರಳ ಬುಡವನ್ನು ಮೇಲೆತ್ತುತ್ತಾರೆ, ಆಗ ಪಾದ ಇನ್ನೂ ಹೆಚ್ಚು ಒಳಕ್ಕೆ ಹೊರಳಿದಂತೆ ಕಾಣುತ್ತದೆ. ನೋಡಿದವರು ಗಾಬರಿಯಾಗುವುದು ಸಹಜ.

ಎರಡನೆಯದರಿಂದ ಡಾಕ್ಟರು ಹೆಬ್ಬೆರಳನ್ನು ಟೇಲಸ್ ಗುಬುಟಿನ ಮೇಲಿಟ್ಟು, ಅದನ್ನೇ ಗೂಟ ಮಾಡಿಕೊಂಡು ಮುಂಪಾದವನ್ನು ಹೊರಕ್ಕೆ ತಿರುಗಿಸುತ್ತ ಹೋಗುತ್ತಾರೆ. ಹಿಮ್ಮಡಿಯನ್ನು ಹಿಡಿಯುವುದಿಲ್ಲ, ಅದು ತಾನೇ ಹಿಂಬಾಲಿಸಿ ಹೊರಕ್ಕೆ ಬರಬೇಕು. ಒತ್ತು ಗುಬುಟಿನ ಬದಲು ಹೊರಅಂಚಿನ ನಡುವೆ ಬಿದ್ದರೆ ಹಿಮ್ಮಡಿ ತಿರುಗುವುದಿಲ್ಲ, ಎಷ್ಟು ಪ್ಲಾಸ್ಟರ್ ಹಾಕಿದರೂ ಒಂದೇ. ವಾರಕ್ಕೊಂದರಂತೆ ಸಾಮಾನ್ಯವಾಗಿ 5ರಿಂದ 7 ಪ್ಲಾಸ್ಟರ್‌ಗಳಲ್ಲಿ ಪಾದ 60–70 ಡಿಗ್ರಿ ಹೊರಕ್ಕೆ ತಿರುಗುತ್ತದೆ. ಅಷ್ಟು ಹೊರಕ್ಕೆ ಹೋದದ್ದೂ ಬೇಕೆಂದೇ ಮಾಡಿದ್ದು, ಆಮೇಲೆ ತುಸು ಒಳಕ್ಕೆ ಬಂದೇ ಬರುತ್ತದೆ.

ಪ್ಲಾಸ್ಟರ್ ತೊಡೆಯ ಬುಡದವರೆಗೆ, ಮೊಣಕಾಲು 90 ಡಿಗ್ರಿ ಮಡಚಿರಬೇಕು. ಮೊಣಕಾಲ ಕೆಳಗೆ ನಿಲ್ಲಿಸಿದ ಪ್ಲಾಸ್ಟರ್ ಕೂಸಿನ ಕಾಲಿನಿಂದ ಕಾಲುಚೀಲದಂತೆ ಜಾರುತ್ತದೆ.

ಪ್ಲಾಸ್ಟರ್ ಇದ್ದಾಗ ಮನ್ಯಾಗ ಏನು ಜ್ವಾಕಿ ಮಾಡಬೇಕು?

ಹಾಕಿಸುವ ಮೊದಲು ಕಾಲಿನ ಕರಿದಾರ, ಕಡಗ, ಗೆಜ್ಜೆ ಬಿಚ್ಚಿ. ದೃಷ್ಟಿ ತಾಗುತ್ತದೆ ಎಂದಾದರೆ ಕೈಗೆ ಕಟ್ಟಿ. ಪ್ಲಾಸ್ಟರ್‌ನೊಳಗೆ ಸಿಕ್ಕ ದಾರ ಪಾದ ಬಾತಾಗ ಬ್ಲೇಡಿನಂತೆ ಕೊಯ್ಯುತ್ತದೆ.

ಬೆರಳುಗಳು ಯಾವಾಗಲೂ ಕಾಣಬೇಕು. ಮೊದಲ 6 ತಾಸು ತಾಸಿಗೊಮ್ಮೆ, ಆಮೇಲೆ ದಿನಕ್ಕೆ ನಾಲ್ಕು ಸಲ ಬೆರಳ ತುದಿ ಒತ್ತಿ ಬಿಡಿ. ಬಿಳುಪಾಗಿ, ಒಂದೆರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ. ಮೈಬಣ್ಣ ಕಪ್ಪಿರುವ ಕೂಸಿನಲ್ಲಿ ಉಗುರು ನೋಡಿ. ನೀಲಿ, ತಣ್ಣಗೆ, ಬಾವು, ಕೂಸು ಹಾಲಿಗೂ ಸುಮ್ಮನಾಗದ ಅಳು ಇದ್ದರೆ ಆ ಹೊತ್ತಿಗೇ ಪ್ಲಾಸ್ಟರ್ ತೆಗೆಸಬೇಕು, ಬೆಳಗಿನ ಬಸ್ಸಿಗೆ ಕಾಯಬಾರದು. ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ.

ಬೆರಳುಗಳು ಒಳಗೆ ಸರಿದು ಮರೆಯಾದರೆ ಪ್ಲಾಸ್ಟರ್ ಜಾರಿದೆ ಎಂದರ್ಥ. ಜನ ಇದನ್ನು ಸಣ್ಣದೆಂದು ಬಿಟ್ಟು ಮುಂದಿನ ವಾರ ತೋರಿಸಿದರಾಯಿತು ಎನ್ನುತ್ತಾರೆ. ಜಾರಿದ ಪ್ಲಾಸ್ಟರ್ ಪಾದವನ್ನು ತಪ್ಪು ಜಾಗದಲ್ಲಿ ಒತ್ತುತ್ತದೆ, ಸರಳ ಸೊಟ್ಟಪಾದವನ್ನು ಜಟಿಲ ಸೊಟ್ಟಪಾದ ಮಾಡುತ್ತದೆ. ಅದೇ ದಿನ ಬಿಚ್ಚಿಸಿ.

ಎರೆಯುವುದು ನಿಲ್ಲಲಿ, ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಲಂಗೋಟಿ ಪ್ಲಾಸ್ಟರ್‌ನ ಅಂಚಿನ ಮೇಲೆ ಬರದಂತೆ ಕಟ್ಟಿ, ಉಚ್ಚೆ ಒಳಗೆ ಇಳಿದರೆ ಚರ್ಮ ಕೊಳೆಯುತ್ತದೆ. ಪ್ಲಾಸ್ಟರ್ ಪೂರ್ತಿ ಒಣಗಲು ಒಂದು ದಿನ ಬೇಕು. ಅಲ್ಲಿಯವರೆಗೆ ಕಾಲನ್ನು ಮೆತ್ತನೆಯ ಬಟ್ಟೆಯ ಮೇಲಿಡಿ, ಬೆರಳಿಂದ ಅದುಮಬೇಡಿ.

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಪೆಂಟಾ ಲಸಿಕೆ ಚುಚ್ಚುವುದು ತೊಡೆಗೆ. ತೊಡೆ ಪ್ಲಾಸ್ಟರ್‌ನಲ್ಲಿದ್ದರೆ ಲಸಿಕೆ ಬಿಡುವುದು ಬೇಡ. ಪ್ಲಾಸ್ಟರ್ ಬದಲಿಸುವ ದಿನ, ಹಳೆಯದು ಬಿಚ್ಚಿ ಹೊಸದು ಹಾಕುವ ನಡುವೆ ಹಾಕಿಸಲು ಆಗುತ್ತದೆಯೇ ಎಂದು ಡಾಕ್ಟರಿಗೂ ನರ್ಸಮ್ಮನಿಗೂ ಮುಂಚೆಯೇ ಹೇಳಿಡಿ. ಹಿಂದಿನ ರಾತ್ರಿಯೇ ಮನೆಯಲ್ಲಿ ಪ್ಲಾಸ್ಟರ್ ನೆನೆಸಿ ತೆಗೆದು ಬರಬೇಡಿ. ಒಂದು ರಾತ್ರಿಯಲ್ಲಿ ಪಾದ ಗಳಿಸಿದ್ದರಲ್ಲಿ ಒಂದಿಷ್ಟನ್ನು ಕಳೆದುಕೊಳ್ಳುತ್ತದೆ.

ನರ ಕೊಯ್ತಾರಂತ. ಕೂಸು ಮುಂದ ನಡೀತದೇನು?

ಕೊಯ್ಯುವುದು ನರವನ್ನಲ್ಲ, ಹಿಮ್ಮಡಿಯ ಹಿಂದಿನ ಹುರಿಯನ್ನು. ಮಾತಿನಲ್ಲಿ ಎರಡಕ್ಕೂ ನರ ಎನ್ನುವುದರಿಂದ ಅರ್ಧ ಭಯ ಅಲ್ಲಿಂದಲೇ ಬಂದಿದೆ. ಕೊನೆಯ ಹೊತ್ತಿಗೆ ನಡುಪಾದದ ಅಂಕ ಇಳಿದು ಹಿಂಪಾದದ್ದು ನಿಂತುಬಿಟ್ಟಿರುತ್ತದೆ: ಪಾದ ನೇರ, ಆದರೆ ಹಿಮ್ಮಡಿ ಮೇಲೇ. ಹತ್ತರಲ್ಲಿ ಸುಮಾರು ಒಂಬತ್ತು ಕೂಸುಗಳಿಗೆ ಹೀಗಾಗುತ್ತದೆ. ಜಾಗ ಮರಗಟ್ಟಿಸಿ, ಹಿಮ್ಮಡಿಗೆ ಸುಮಾರು ಒಂದು ಸೆಂಟಿಮೀಟರ್ ಮೇಲೆ ಸಣ್ಣ ಬ್ಲೇಡಿನಿಂದ ಹುರಿಯನ್ನು ಪೂರ್ತಿ ಕತ್ತರಿಸುತ್ತಾರೆ, ತಕ್ಷಣ ಪಾದ 15–20 ಡಿಗ್ರಿ ಮೇಲಕ್ಕೆ ಬರುತ್ತದೆ. ಕೊನೆಯ ಪ್ಲಾಸ್ಟರ್ 3 ವಾರ. ಅಷ್ಟರಲ್ಲಿ ಹುರಿ ಉದ್ದವಾಗಿ ಕೂಡಿಕೊಳ್ಳುತ್ತದೆ. ಪ್ಲಾಸ್ಟರ್‌ನ ಹಿಂದೆ ರೂಪಾಯಿ ಬಿಲ್ಲೆಯಷ್ಟು ರಕ್ತದ ಕಲೆ ಇರಬಹುದು. ಅದು ಹರಡುತ್ತ ಹೋದರೆ ತೋರಿಸಿ.

ಇದಕ್ಕೆ ಒಪ್ಪದೆ 'ನೇರ ಆಗ್ಯಾದ, ಸಾಕು' ಎಂದು ಮನೆಗೆ ಹೋದವರ ಕೂಸು ಬೆರಳ ಮೇಲೆ ನಡೆಯುವುದು ಕಲಿಯುತ್ತದೆ.

ಪಾದ ಸರಿ ಆಗ್ಯಾದಲ್ಲ, ಮತ್ತ ಸರಳಿನ ಬೂಟು ಯಾಕ?

ಪಾದ ತಿರುಗಿದೆ, ಆದರೆ ಅದನ್ನು ಒಳಕ್ಕೆ ಎಳೆದ ಸ್ವಭಾವ ಮೊದಲ ನಾಲ್ಕೈದು ವರ್ಷ ಹೋಗುವುದಿಲ್ಲ. ಎರಡು ಬೂಟುಗಳ ನಡುವೆ ಸರಳು ಇರುವ ಬ್ರೇಸ್ ಅದನ್ನು ಹಿಡಿದಿಡುತ್ತದೆ. ಸರಳಿನ ಉದ್ದ ಕೂಸಿನ ಭುಜದಗಲ. ಸೊಟ್ಟವಿದ್ದ ಪಾದದ ಬೂಟು 60–70 ಡಿಗ್ರಿ ಹೊರಕ್ಕೆ, ಸರಿಯಿದ್ದ ಪಾದದ್ದು 30–40. ಮೊದಲ 3 ತಿಂಗಳು ದಿನಕ್ಕೆ 23 ತಾಸು, ಆಮೇಲೆ ರಾತ್ರಿ ಮತ್ತು ಹಗಲು ನಿದ್ದೆ ಸೇರಿ 12–14 ತಾಸು, 4–5 ವರ್ಷ ತುಂಬುವವರೆಗೆ. ಹಗಲು ಕೂಸು ಬರಿಗಾಲಲ್ಲಿ ಓಡಾಡಲಿ.

ಹಾಕುವಾಗ ಮೊದಲು ನಡುವಿನ ಪಟ್ಟಿ ಬಿಗಿಮಾಡಿ. ಬೂಟಿನ ಹಿಂದಿನ ಕಿಂಡಿಯಲ್ಲಿ ಹಿಮ್ಮಡಿ ಕೆಳಗೆ ಕೂತದ್ದು ಕಂಡ ಮೇಲೆ ಲೇಸು ಕಟ್ಟಿ. ಹಿಮ್ಮಡಿಯಲ್ಲಿ ಕೆಂಪು ಗುಳ್ಳೆ ಎದ್ದರೆ ಬೂಟು ಕಚ್ಚುತ್ತಿದೆ ಎಂದು ಸಡಿಲ ಮಾಡುವವರೇ ಹೆಚ್ಚು; ಬಹಳ ಸಲ ಕಾರಣ ಉಲ್ಟಾ, ಪಟ್ಟಿ ಸಡಿಲವಿದ್ದು ಹಿಮ್ಮಡಿ ಮೇಲೆ ಕೆಳಗೆ ಉಜ್ಜುತ್ತಿರುತ್ತದೆ. ಪಟ್ಟಿ ಬಿಗಿ ಮಾಡಿಯೂ ಗುಳ್ಳೆ ಎದ್ದರೆ ತಪ್ಪದೆ ತೋರಿಸಿ, ಏಕೆಂದರೆ ಹಿಮ್ಮಡಿ ಇನ್ನೂ ಪೂರ್ತಿ ಇಳಿದಿರಲಿಕ್ಕಿಲ್ಲ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ತೆಳು ಹತ್ತಿಯ ಕಾಲುಚೀಲ, ದಿನಕ್ಕೆರಡು ಜೊತೆ. ನೈಲಾನ್ ಬೇಡ, ಒಳಗೆ ಎಣ್ಣೆ-ಪೌಡರ್ ಬೇಡ. ಸರಳಿಗೆ ಹಳೆ ಬಟ್ಟೆ ಸುತ್ತಿ, ಇಲ್ಲವಾದರೆ ಪಕ್ಕದಲ್ಲಿ ಮಲಗಿದವರಿಗೆ ರಾತ್ರಿಯೆಲ್ಲ ಏಟು.

ಮೊದಲ ಎರಡು ಮೂರು ರಾತ್ರಿ ಕೂಸು ಅಳುತ್ತದೆ. ಒಂದೊಂದೇ ಕಾಲು ಒದೆಯಲು ಆಗದ ಸಿಟ್ಟು ಅದು, ನೋವಲ್ಲ. ಎರಡೂ ಮೊಣಕಾಲು ಕೂಡಿಸಿ ಮಡಚಿ ಚಾಚಿ ಆಡಿಸಿದರೆ ಬೇಗ ಕಲಿಯುತ್ತದೆ. ಅಳು ಕೇಳಲಾಗದೆ ಬಿಚ್ಚಿದ ಮನೆಗಳಲ್ಲೇ ಪಾದ ಮರುಕಳಿಸುವುದು ಹೆಚ್ಚು.

ಮತ್ತ ಸೊಟ್ಟ ಆಗ್ಲಿಕತ್ತದ ಅಂತ ಮೊದಲೇ ಹ್ಯಾಂಗ ಗೊತ್ತಾಗ್ತದ?

ಕುಕ್ಕರಗಾಲಲ್ಲಿ ಕೂಡಿಸಿ. ಎರಡೂ ಹಿಮ್ಮಡಿ ನೆಲಕ್ಕೆ ತಾಗಿ ಕೂತರೆ ಸರಿ. ಒಂದು ಹಿಮ್ಮಡಿ ಎದ್ದಿದ್ದರೆ, ಅಥವಾ ಮಗು ಹಿಂದಕ್ಕೆ ಬೀಳುತ್ತಿದ್ದರೆ, ಹುರಿ ಮತ್ತೆ ಬಿಗಿಯುತ್ತಿದೆ. ಎರಡನೆಯದು, ಹಿಂದಿನಿಂದ ನಿಂತು ನೋಡಿದಾಗ ಹಿಮ್ಮಡಿ ಒಳಕ್ಕೆ ವಾಲುವುದು. ಮೂರನೆಯದು, ನಡೆಯುವಾಗ ಹೆಜ್ಜೆ ಎತ್ತಿದ ಕ್ಷಣ ಅಂಗಾಲು ಒಳಮುಖವಾಗಿ, ಹೊರಅಂಚಿನ ಮೇಲೆ ಊರುವುದು. ಚಪ್ಪಲಿಯ ಹೊರಅಂಚು ಮಾತ್ರ ಸವೆದಿದ್ದರೂ ಅದೇ ಮಾತು. ಇನ್ನೊಂದು ಸೂಚನೆ, ನಿನ್ನೆವರೆಗೆ ಸಲೀಸಾಗಿ ಹೋಗುತ್ತಿದ್ದ ಪಾದ ಬ್ರೇಸಿನ ಬೂಟಿಗೆ ಹೋಗದಿರುವುದು. ಎರಡೂ ಪಾದ ಸೊಟ್ಟವಿದ್ದ ಮಗುವಿಗೆ ಹೋಲಿಸಿ ನೋಡಲು ಸರಿಯಾದ ಪಾದವಿಲ್ಲ, ಹಾಗಾಗಿ ತಿಂಗಳಿಗೊಮ್ಮೆ ಹಿಂದಿನಿಂದ ಫೋಟೊ ತೆಗೆದಿಡಿ.

ಬೇಗ ತೋರಿಸಿದರೆ ಎರಡು ಮೂರು ಪ್ಲಾಸ್ಟರ್ ಹಾಕಿ ಮತ್ತೆ ಬ್ರೇಸ್‌ಗೆ ಮರಳುತ್ತಾರೆ. ಸುಮಾರು ಮೂರು ವರ್ಷದ ನಂತರ ಪಾದ ಒಳಮುಖವಾಗಿ ಎಳೆಯುತ್ತಲೇ ಇದ್ದರೆ, ಕಾಲಿನ ಮುಂಭಾಗದ ಒಂದು ಸ್ನಾಯುರಜ್ಜನ್ನು ಪಾದದ ಹೊರಬದಿಯ ಕಡೆಗೆ ಸರಿಸಿ ಕೂಡಿಸುವ ಆಪರೇಷನ್ ಇದೆ.

ನಮ್ಮ ಕೂಸಿನ ಪಾದ ಗಿಡ್ಡ, ದಪ್ಪ. ಪ್ಲಾಸ್ಟರ್ ಸಾರಿ ಸಾರಿ ಜಾರ್ತದ.

ಇದು ಬೇರೆ ಜಾತಿಯ ಸೊಟ್ಟಪಾದ ಇರಬಹುದು. ಪಾದ ಗಿಡ್ಡ ಮತ್ತು ಉಬ್ಬಿದ್ದು, ಅಂಗಾಲಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಆಳದ ಗೆರೆ, ಹಿಮ್ಮಡಿಯ ಮೇಲೂ ಆಳದ ಗೆರೆ, ಹೆಬ್ಬೆರಳು ಗಿಡ್ಡವಾಗಿ ಮೇಲಕ್ಕೆ ಎದ್ದಿರುತ್ತದೆ. ಕೆಲವು ಹುಟ್ಟಿನಿಂದಲೇ ಹೀಗೆ, ಕೆಲವು ಜಾರಿದ ಪ್ಲಾಸ್ಟರ್‌ನಿಂದ ಹೀಗಾದವು. ಇದನ್ನು 70 ಡಿಗ್ರಿಗೆ ತಿರುಗಿಸಲು ಹೋದರೆ ಕೆಡುತ್ತದೆ. ಹಿಡಿಯುವ ರೀತಿಯೂ ಬೇರೆ, ಹೊರಕ್ಕೆ 30–40 ಡಿಗ್ರಿಗೇ ನಿಲ್ಲಿಸಬೇಕು. ಸೊಟ್ಟಪಾದಕ್ಕೆ ಪ್ಲಾಸ್ಟರ್ ಹಾಕಿ ಕೈ ಪಳಗಿದವರ ಹತ್ತಿರವೇ ಹೋಗಿ.

ಮಗನಿಗೆ ಆರು ವರ್ಷ. ಏನೂ ಮಾಡ್ಸಿಲ್ಲ. ಈಗ ಆಗ್ತದೇನು?

ತೋರಿಸಿ. ನಡೆಯುವ ವಯಸ್ಸಿನ ಮಕ್ಕಳಲ್ಲೂ ಇದೇ ಪ್ಲಾಸ್ಟರ್ ವಿಧಾನದಿಂದ ಬಹಳಷ್ಟು ಸರಿಪಡಿಸಲು ಬರುತ್ತದೆ. ಪ್ಲಾಸ್ಟರ್ ಹೆಚ್ಚು, ವಾರದ ಬದಲು ಕೆಲವೊಮ್ಮೆ ಎರಡು ವಾರಕ್ಕೊಂದು, ಕೊನೆಗೆ ಆಪರೇಷನ್ ಬೇಕಾಗುವ ಸಂಭವವೂ ಹೆಚ್ಚು. ಬಿಟ್ಟ ಪಾದದ ಗುರುತು ಬೇರೆ: ಮಗು ಪಾದದ ಹೊರಅಂಚಿನ ಮೇಲೆ, ಬಹಳ ಬಿಗಿಯಿದ್ದರೆ ಪಾದದ ಮೇಲ್ಭಾಗದ ಮೇಲೇ ನಡೆಯುತ್ತದೆ, ಅಲ್ಲಿ ಆಣಿಯಂಥ ದಪ್ಪ ಚರ್ಮ ಕಟ್ಟುತ್ತದೆ. ಆ ಚರ್ಮ ಒಡೆದು ಹೊಲದ ಮಣ್ಣು ಸೇರಿ ಕೀವಾಗುವುದು ಮುಂದಿನ ಕಾಟ.

ಮೀನಖಂಡ ಸಣ್ಣ ಅದ, ಬೂಟಿನ ಸೈಜೂ ಬ್ಯಾರೆ. ಅಂಗವಿಕಲ ಸರ್ಟಿಫಿಕೇಟ್ ಸಿಗ್ತದೇನು?

ಒಂದೇ ಕಾಲಿಗಿದ್ದರೆ ಆ ಕಾಲಿನ ಮೀನಖಂಡ ತೆಳ್ಳಗೆ, ಪಾದ ಸುಮಾರು 1ರಿಂದ 1.5 ಸೆಂಟಿಮೀಟರ್ ಗಿಡ್ಡ ಉಳಿಯುವುದು ಸೊಟ್ಟಪಾದದ ಲಕ್ಷಣವೇ. ಚಿಕಿತ್ಸೆಯ ತಪ್ಪಲ್ಲ, ಮಾಲೀಶಿನಿಂದ ತುಂಬುವುದೂ ಇಲ್ಲ. ದೊಡ್ಡ ಪಾದದ ಅಳತೆಗೆ ಬೂಟು ಕೊಂಡು ಚಿಕ್ಕದರ ತುದಿಯಲ್ಲಿ ಸ್ವಲ್ಪ ಹತ್ತಿ ತುಂಬಿದರೆ ನಡೆಯುತ್ತದೆ. ಸರಿಯಾಗಿ ಚಿಕಿತ್ಸೆಯಾದ ಮಕ್ಕಳು ಓಡುತ್ತಾರೆ, ಕಬಡ್ಡಿ ಆಡುತ್ತಾರೆ. ಸವಲತ್ತುಗಳಿಗೆ ಶೇ 40 ಅಂಗವೈಕಲ್ಯ ಬೇಕು, ಸರಿಹೋದ ಪಾದಕ್ಕೆ ಅಷ್ಟು ಬರುವುದು ಅಪರೂಪ. ಸರ್ಟಿಫಿಕೇಟ್ ತಪ್ಪೀತೆಂದು ಪ್ಲಾಸ್ಟರ್ ಮುಂದೂಡುವವರು ಒಮ್ಮೊಮ್ಮೆ ಸಿಗುತ್ತಾರೆ. ಅವರಿಗೆ ಆ ಕೂಸನ್ನೇ ಎತ್ತಿ ತೊಡೆಯ ಮೇಲಿಟ್ಟು, ಬೆರಳಿಂದ ಹಿಮ್ಮಡಿ ಒತ್ತಿಸಿ ನೋಡಿ: ಗಲ್ಲವೋ, ಮೂಗೋ, ಗದ್ದವೋ ಎಂದು ಕೇಳಿ.